ವಿದ್ಯುತ್ ಪ್ರೆಶರ್ ಕುಕ್ಕರ್‌ನಲ್ಲಿ ಅನ್ನ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಲೆಯ ಮೇಲಿನ ಕುಕ್ಕರ್‌ಗೆ ಒಗ್ಗಿದವರು ವಿದ್ಯುತ್ ಪ್ರೆಶರ್ ಕುಕ್ಕರ್‌ನಲ್ಲಿ ಮೊದಲ ಸಲ ಅನ್ನಕ್ಕಿಟ್ಟಾಗ ಸ್ವಲ್ಪ ತಡವರಿಸುವುದು ಸಹಜ. ಹೆಚ್ಚಿನ ತೊಡಕುಗಳು ಎರಡೇ ಕಡೆ ಹುಟ್ಟುತ್ತವೆ: ಹಳೆಯ ಅಳತೆಯಲ್ಲೇ ನೀರು ಹಾಕುವುದು, ಮತ್ತು ಬೀಪ್ ಶಬ್ದ ಕೇಳಿದ ಕೂಡಲೇ ಹಬೆ ಬಿಟ್ಟು ಮುಚ್ಚಳ ತೆಗೆಯುವುದು. ಒತ್ತಡ ತಾನಾಗಿ ಇಳಿಯುವ ಹತ್ತು ನಿಮಿಷವೂ ಅಡುಗೆಯ ಭಾಗವೇ ಎಂಬುದನ್ನು ಒಪ್ಪಿಕೊಂಡರೆ ಕೆಳಗಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಏಳುವುದೇ ಇಲ್ಲ.

ಎಷ್ಟು ಕೂಗು ಹಾಕಿಸಬೇಕು?

ಕೂಗಿನ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಬಿಡಬೇಕು. ಒಲೆಯ ಕುಕ್ಕರ್‌ನಲ್ಲಿ ಒತ್ತಡ ಮಿತಿ ಮುಟ್ಟಿದಾಗ ವಿಷಲ್‌ನ ತೂಕ ಮೇಲೆದ್ದು ಹೆಚ್ಚುವರಿ ಹಬೆಯನ್ನು ಹೊರಗೆ ಬಿಡುತ್ತದೆ. ಉರಿ ಜೋರಾಗಿದ್ದರೆ ಕೂಗು ಬೇಗ ಬೇಗ ಬರುತ್ತದೆ, ಸಣ್ಣಗಿದ್ದರೆ ತಡವಾಗುತ್ತದೆ. ಹಾಗಾಗಿ ಕೂಗು ಎಂದೂ ನಿಖರವಾದ ಕಾಲಮಾಪನವಾಗಿರಲಿಲ್ಲ, ಮತ್ತು ‘ಮೂರು ಕೂಗಿಗೆ ಎಷ್ಟು ನಿಮಿಷ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ. ವಿದ್ಯುತ್ ಕುಕ್ಕರ್‌ನಲ್ಲಿ ಸಂವೇದಕವು ಉಷ್ಣತೆಯನ್ನೂ ಒತ್ತಡವನ್ನೂ ಗಮನಿಸುತ್ತ ಹೀಟರ್ ಅನ್ನು ಆಗಾಗ ಆರಿಸಿ ಹೊತ್ತಿಸುತ್ತಿರುತ್ತದೆ. ಹಬೆ ಒಳಗೇ ಉಳಿಯುತ್ತದೆ, ಸದ್ದಿರುವುದಿಲ್ಲ. ನಾವು ಎಣಿಸಬೇಕಾದದ್ದು ನಿಮಿಷಗಳನ್ನು ಮಾತ್ರ, ಅದೂ ಒತ್ತಡ ಪೂರ್ತಿ ಏರಿದ ನಂತರದ ನಿಮಿಷಗಳನ್ನು. ಐದು ನಿಮಿಷ ಎಂದು ಹೊಂದಿಸಿ ಬಟನ್ ಒತ್ತಿದ ಮೇಲೂ ಪರದೆಯ ಅಂಕಿ ಬಹಳ ಹೊತ್ತು ಅಲುಗದೆ ನಿಂತಿರುವುದು ಇದೇ ಕಾರಣಕ್ಕೆ. ಕುಕ್ಕರ್ ಕೆಟ್ಟಿಲ್ಲ, ಎಣಿಕೆ ಇನ್ನೂ ಶುರುವಾಗಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಒಲೆಯ ಕುಕ್ಕರ್ ಸಾಮಾನ್ಯವಾಗಿ ಹೊರಗಿನ ವಾಯುಭಾರಕ್ಕಿಂತ ಸುಮಾರು 100 ಕಿಲೋಪಾಸ್ಕಲ್ ಹೆಚ್ಚಿನ ಒತ್ತಡದಲ್ಲಿ, ಅಂದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತದೆ. ವಿದ್ಯುತ್ ಕುಕ್ಕರ್‌ಗಳಲ್ಲಿ ಹೆಚ್ಚಿನವು 70ರಿಂದ 80 ಕಿಲೋಪಾಸ್ಕಲ್‌ಗೆ ನಿಲ್ಲುತ್ತವೆ. ಆಗ ಒಳಗಿನ ಉಷ್ಣತೆ 115ರಿಂದ 117 ಡಿಗ್ರಿಯಷ್ಟಿರುತ್ತದೆ. ಬಿಳಿ ಅಕ್ಕಿಗೆ ಈ ಅಂತರ ಲೆಕ್ಕಕ್ಕೆ ಬಾರದು; ತೌಡು ತೆಗೆಯದ ಅಕ್ಕಿಗೆ ಎರಡು ಮೂರು ನಿಮಿಷ ಹೆಚ್ಚು ಕೊಡಬೇಕಾಗುತ್ತದೆ.

ನೀರಿನ ಅಳತೆ ಎಷ್ಟು? ಒಂದಕ್ಕೆ ಎರಡು ಎಂಬ ಲೆಕ್ಕ ಇಲ್ಲೇಕೆ ಹೊಂದುವುದಿಲ್ಲ?

ತೊಳೆದ ಬಿಳಿ ಅಕ್ಕಿಗೆ ಒಂದು ಲೋಟಕ್ಕೆ ಒಂದು ಲೋಟ ನೀರು ಸಾಕು. ಮೊದಲ ಸಲ ಕೇಳಿದವರಿಗೆ ಇದು ತಪ್ಪು ಮುದ್ರಣದಂತೆ ಕಾಣಬಹುದು, ಆದರೆ ಕಾರಣ ಸರಳವಾಗಿದೆ. ಅಕ್ಕಿ ಬೆಂದು ಅನ್ನವಾಗಲು ತನ್ನೊಳಗೆ ಎಳೆದುಕೊಳ್ಳಬೇಕಾದ ನೀರು ಹೆಚ್ಚು ಕಡಿಮೆ ತನ್ನ ಗಾತ್ರದಷ್ಟೇ. ತೆರೆದ ಪಾತ್ರೆಯಲ್ಲಿ ನಾವು ಹಾಕುವ ಉಳಿದ ನೀರು ಅನ್ನಕ್ಕಾಗಿ ಅಲ್ಲ, ಹಬೆಯಾಗಿ ಹಾರಿಹೋಗುವುದಕ್ಕಾಗಿ. ಒಲೆಯ ಕುಕ್ಕರ್‌ನಲ್ಲಿಯೂ ಪ್ರತಿ ಕೂಗಿಗೆ ಒಂದಿಷ್ಟು ನೀರು ಹೊರಗೆ ಹೋಗುತ್ತದೆ. ವಿದ್ಯುತ್ ಕುಕ್ಕರ್‌ನಲ್ಲಿ ಒತ್ತಡ ಏರುವಾಗ ಮುಚ್ಚಳದಲ್ಲಿರುವ ಪುಟ್ಟ ಲೋಹದ ಪಿನ್ನಿನ ಸಂದಿಯಿಂದ ಸ್ವಲ್ಪ ಹಬೆ ಸೋರುವುದನ್ನು ಬಿಟ್ಟರೆ ನೀರು ಹೊರಗೆ ಹೋಗುವ ದಾರಿಯೇ ಇಲ್ಲ.

ಒಂದಕ್ಕೆ ಒಂದು ಹಾಕಿದಾಗ ಅಗಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಕಲಸಿ ಉಣ್ಣುವಷ್ಟು ಮೆತ್ತಗೆ ಬೇಕೆಂದರೆ ಒಂದೂಕಾಲು ಲೋಟ, ಮಕ್ಕಳಿಗೂ ಹಲ್ಲಿಲ್ಲದವರಿಗೂ ಆಗುವಷ್ಟು ಮೃದುವಾಗಿ ಬೇಕೆಂದರೆ ಒಂದೂವರೆ ಲೋಟ ಹಾಕಬಹುದು. ಎರಡು ಲೋಟ ಹಾಕಿದರೆ ಅದು ಗಂಜಿಯ ಕಡೆಗೆ ವಾಲುತ್ತದೆ. ಅಕ್ಕಿಯ ಪ್ರಮಾಣ ಹೆಚ್ಚಿಸಿದಾಗಲೂ ಈ ಅನುಪಾತ ಬದಲಾಗುವುದಿಲ್ಲ. ನಾಲ್ಕು ಲೋಟಕ್ಕೆ ನಾಲ್ಕೇ ಲೋಟ. ತೆರೆದ ಪಾತ್ರೆಯ ವಿಷಯ ಹಾಗಲ್ಲ. ಅಲ್ಲಿ ಆವಿಯಾಗುವ ನೀರು ಅಕ್ಕಿ ಎಷ್ಟಿದೆ ಎಂಬುದಕ್ಕಿಂತ ಪಾತ್ರೆಯ ಬಾಯಿ ಎಷ್ಟು ಅಗಲವಿದೆ, ಎಷ್ಟು ಹೊತ್ತು ಕುದಿಯಿತು ಎಂಬುದನ್ನು ಅವಲಂಬಿಸಿರುವುದರಿಂದ ಪ್ರಮಾಣ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ.

ಅಕ್ಕಿಯ ವಯಸ್ಸನ್ನು ಮಾತ್ರ ಕೈಯಂದಾಜಿನಲ್ಲಿ ಹೊಂದಿಸಿಕೊಳ್ಳಬೇಕು. ಹೊಸ ಅಕ್ಕಿ ಬೇಗ ಅಂಟುತ್ತದೆ, ಅದಕ್ಕೆ ಲೋಟಕ್ಕೆ ಎರಡು ಚಮಚದಷ್ಟು ನೀರು ಕಡಿಮೆ ಇರಲಿ. ಒಂದು ವರ್ಷಕ್ಕಿಂತ ಹಳೆಯ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಅದಕ್ಕೆ ಅಷ್ಟೇ ನೀರು ಹೆಚ್ಚು ಹಾಕಬಹುದು.

ಕುಕ್ಕರ್ ಜೊತೆ ಬಂದ ಲೋಟದಲ್ಲೇ ಅಳೆಯಬೇಕೆ?

ಯಾವ ಲೋಟವಾದರೂ ಆಗುತ್ತದೆ, ಅಕ್ಕಿಗೂ ನೀರಿಗೂ ಅದೇ ಒಂದನ್ನು ಬಳಸಿದರೆ ಸರಿ. ಜೊತೆಗೆ ಬರುವ ಪ್ಲಾಸ್ಟಿಕ್ ಲೋಟ ಬಹುತೇಕ 180 ಮಿಲಿಲೀಟರಿನದಾಗಿರುತ್ತದೆ; ಜಪಾನಿನ ‘ಗೋ’ ಎಂಬ ಹಳೆಯ ಅಳತೆಯಿಂದ ಬಂದದ್ದು ಅದು, ಸುಮಾರು 150 ಗ್ರಾಂ ಅಕ್ಕಿ ಹಿಡಿಸುತ್ತದೆ. ಅಡುಗೆ ಬರಹಗಳಲ್ಲಿ ಹೇಳುವ ‘ಕಪ್’ ಸಾಮಾನ್ಯವಾಗಿ 240 ಮಿಲಿಲೀಟರ್. ಒಂದರಲ್ಲಿ ಅಕ್ಕಿ ಅಳೆದು ಇನ್ನೊಂದರಲ್ಲಿ ನೀರು ಅಳೆದಾಗಲೇ ಎಡವಟ್ಟಾಗುವುದು. ಒಳಪಾತ್ರೆಯ ಗೋಡೆಯ ಮೇಲೆ ಅನ್ನಕ್ಕೆಂದೇ ಗೆರೆಗಳಿದ್ದರೆ ಅವು ಜೊತೆಗೆ ಕೊಟ್ಟ ಲೋಟದ ಲೆಕ್ಕದಲ್ಲಿವೆ, ಮತ್ತು ಅಕ್ಕಿಯ ಮೇಲೆ ನೀರು ಹಾಕಿದ ನಂತರದ ಒಟ್ಟು ಮಟ್ಟವನ್ನು ತೋರಿಸುತ್ತವೆ ಎಂಬುದನ್ನು ಗಮನದಲ್ಲಿಡಬೇಕು.

ತಕ್ಕಡಿ ಇರುವವರಿಗೆ ಇನ್ನೂ ಸುಲಭ: 100 ಗ್ರಾಂ ಅಕ್ಕಿಗೆ 120 ಗ್ರಾಂ ನೀರು ಹಾಕಿದರೆ ಅದು ಲೋಟದ ಲೆಕ್ಕದ ಒಂದಕ್ಕೆ ಒಂದರಷ್ಟೇ ಆಗುತ್ತದೆ.

ಯಾವ ಅಕ್ಕಿಗೆ ಎಷ್ಟು ಹೊತ್ತು?

ಇಲ್ಲಿ ಹೇಳುವ ನಿಮಿಷಗಳೆಲ್ಲ ಹೆಚ್ಚಿನ ಒತ್ತಡದ ಸೆಟ್ಟಿಂಗ್‌ಗೆ ಸಂಬಂಧಿಸಿದವು, ಮತ್ತು ಪ್ರತಿಯೊಂದರ ನಂತರವೂ ಹತ್ತು ನಿಮಿಷ ಒತ್ತಡ ತಾನಾಗಿ ಇಳಿಯಲು ಬಿಡುವುದು ಕಡ್ಡಾಯ ಎಂದೇ ತಿಳಿಯಬೇಕು. ಬಾಸ್ಮತಿ, ಜಾಸ್ಮಿನ್‌ನಂಥ ಉದ್ದಕ್ಕಿಗೆ ನಾಲ್ಕು ನಿಮಿಷ. ಮಧ್ಯಮ ಗಾತ್ರದ, ದಿನಬಳಕೆಯ ಬಿಳಿ ಅಕ್ಕಿಗೆ ಐದರಿಂದ ಆರು ನಿಮಿಷ. ಪಾಲಿಶ್ ಮಾಡಿದ ಕುಸುಬಲು ಅಕ್ಕಿಗೆ ಎಂಟು ನಿಮಿಷ, ನೀರು ಒಂದಕ್ಕೆ ಒಂದೂಕಾಲು. ತೌಡು ಸಹಿತ ಕಂದು ಅಕ್ಕಿಗೆ ಇಪ್ಪತ್ತರಿಂದ ಇಪ್ಪತ್ತೆರಡು ನಿಮಿಷ, ನೀರು ಒಂದೂಕಾಲು. ಪಾಲಿಶ್ ಮಾಡದ ಕೆಂಪಕ್ಕಿ ಮತ್ತು ದಪ್ಪ ಕುಚ್ಚಲಕ್ಕಿಗೆ ಇಪ್ಪತ್ತೈದು ನಿಮಿಷದವರೆಗೂ, ನೀರು ಒಂದೂವರೆಯಿಂದ ಎರಡರವರೆಗೂ ಬೇಕಾಗಬಹುದು. ಇವುಗಳಲ್ಲಿ ಒಂದು ಚೀಲದಿಂದ ಇನ್ನೊಂದಕ್ಕೆ ವ್ಯತ್ಯಾಸ ಹೆಚ್ಚಿರುವುದರಿಂದ ಮೊದಲ ಸಲ ಕಡಿಮೆ ಪ್ರಮಾಣದಲ್ಲಿ ಮಾಡಿ ನೋಡುವುದು ಲೇಸು. ನುಚ್ಚಕ್ಕಿಗೆ ಮೂರು ನಿಮಿಷ ಧಾರಾಳವಾಯಿತು.

ಒಂದೇ ಹೊತ್ತು, ಒಂದೇ ನೀರು ಕೊಟ್ಟರೂ ಒಂದು ಅಕ್ಕಿ ಉದುರುದುರಾಗಿ, ಇನ್ನೊಂದು ಅಂಟಂಟಾಗಿ ಬರುವುದಕ್ಕೆ ಪಿಷ್ಟದ ಸ್ವಭಾವವೇ ಕಾರಣ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಎರಡು ಅಂಶಗಳಿವೆ. ಅಮೈಲೋಸ್ ಶೇಕಡ 20 ದಾಟಿದ ತಳಿಗಳಲ್ಲಿ ಅಗಳು ಬಿಡಿಬಿಡಿಯಾಗಿ ನಿಲ್ಲುತ್ತದೆ, 25 ದಾಟಿದರೆ ಆರಿದ ಮೇಲೆ ಗಡುಸಾಗುತ್ತದೆ. ಅದು ಶೇಕಡ 10ರಿಂದ 20ರ ನಡುವೆ ಇರುವ ತಳಿಗಳು ಮೆತ್ತಗೆ ಅಂಟಿಕೊಳ್ಳುತ್ತವೆ. ಅಂಟಕ್ಕಿಯಲ್ಲಂತೂ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಜಾಸ್ಮಿನ್ ಅಕ್ಕಿಯನ್ನು ಬಾಸ್ಮತಿಯಂತೆ ಉದುರಿಸಲು ಹೊರಟು ನೀರು ಕಡಿಮೆ ಮಾಡುತ್ತ ಹೋದರೆ ಗಟ್ಟಿಯಾದ ಅಂಟು ಅನ್ನ ಸಿಗುತ್ತದೆಯೇ ಹೊರತು ಬಿಡಿ ಅಗಳು ಸಿಗುವುದಿಲ್ಲ.

ಅಕ್ಕಿಯನ್ನು ತೊಳೆಯಲೇಬೇಕೆ? ನೆನೆಸಬೇಕೆ?

ತೊಳೆಯಲೇಬೇಕು, ಮತ್ತು ಇಲ್ಲಿ ಅದು ಬರೀ ಸ್ವಚ್ಛತೆಯ ಮಾತಲ್ಲ. ಅಗಳುಗಳು ಒಂದಕ್ಕೊಂದು ಉಜ್ಜಿ ಎದ್ದ ಪಿಷ್ಟದ ಪುಡಿ ನೀರಿಗಿಳಿದರೆ ಕುದಿಯುವಾಗ ನೊರೆ ಬರುತ್ತದೆ, ಆ ನೊರೆ ವಾಲ್ವ್‌ನ ರಂಧ್ರಕ್ಕೆ ಏರುತ್ತದೆ. ಉಳಿದದ್ದು ತಳಕ್ಕೆ ಕೂತು ಸೀಯುತ್ತದೆ. ಮೊದಲ ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಮೂರು ನಾಲ್ಕು ಸಲ ಬದಲಿಸಿದ ಮೇಲೆ ನೀರಿನ ಅಡಿಯಲ್ಲಿ ಬೆರಳ ತುದಿಯ ಅಕ್ಕಿ ಸ್ಪಷ್ಟವಾಗಿ ಕಾಣಿಸಿದರೆ ಸಾಕು. ನೀರು ಪೂರ್ತಿ ತಿಳಿಯಾಗುವವರೆಗೆ ಉಜ್ಜುತ್ತ ಕೂರಬೇಕಾಗಿಲ್ಲ, ಜೋರಾಗಿ ಉಜ್ಜಿದರೆ ಅಗಳು ಮುರಿದು ಹೊಸ ಪುಡಿ ಬರುತ್ತದೆ ಅಷ್ಟೆ. ತೊಳೆದ ಮೇಲೆ ಜರಡಿಯಲ್ಲಿ ಎರಡು ನಿಮಿಷ ಬಸಿಯಲು ಬಿಡಬೇಕು. ಪಾತ್ರೆಯಲ್ಲೇ ಬಾಗಿಸಿ ನೀರು ಚೆಲ್ಲುವ ರೂಢಿಯಿದ್ದರೆ ಒಂದಿಷ್ಟು ನೀರು ಅಲ್ಲೇ ಉಳಿಯುತ್ತದೆ, ಮತ್ತು ಪ್ರತಿ ದಿನವೂ ಅಷ್ಟೇ ಉಳಿಯುವುದಿಲ್ಲ. ಒಂದೇ ಅಕ್ಕಿ ಒಂದು ದಿನ ಬಿಡಿಯಾಗಿ, ಮರುದಿನ ಮೆತ್ತಗೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಈ ನೀರನ್ನೇ.

ನೆನೆಸುವುದು ಬಿಳಿ ಅಕ್ಕಿಗೆ ಅನಿವಾರ್ಯವಲ್ಲ. ಉದ್ದಕ್ಕಿಯನ್ನು ಇಪ್ಪತ್ತರಿಂದ ಮೂವತ್ತು ನಿಮಿಷ ನೆನೆಸಿದರೆ ಅಗಳು ಮುರಿಯದೆ ಇನ್ನಷ್ಟು ಉದ್ದವಾಗುತ್ತದೆ. ಆದರೆ ನೆನೆಯುವಾಗ ಹೀರಿಕೊಂಡ ನೀರನ್ನು ಲೆಕ್ಕಕ್ಕೆ ಹಿಡಿದು, ಬಸಿದ ನಂತರ ಲೋಟಕ್ಕೆ ಮುಕ್ಕಾಲು ಲೋಟ ನೀರು ಹಾಕಿ ಬೇಯಿಸುವ ಹೊತ್ತಿನಲ್ಲಿ ಒಂದು ನಿಮಿಷ ಕಡಿಮೆ ಮಾಡಬೇಕು. ತೌಡು ಸಹಿತ ಅಕ್ಕಿಗೆ ನೆನೆಸುವುದರಿಂದ ನಿಜವಾದ ಲಾಭವಿದೆ, ಏಕೆಂದರೆ ನೀರು ಒಳಗೆ ಇಳಿಯುವುದನ್ನು ತಡೆಯುವುದು ಆ ತೌಡಿನ ಪದರವೇ.

ಬೀಪ್ ಬಂದ ಕೂಡಲೇ ಹಬೆ ಬಿಡಬಾರದೇಕೆ?

ಆ ಕ್ಷಣದಲ್ಲಿ ಅಗಳಿನ ಹೊರಮೈ ಬೆಂದಿರುತ್ತದೆ, ನಡುಭಾಗ ಇನ್ನೂ ಬೇಯುತ್ತಿರುತ್ತದೆ. ಪಾತ್ರೆಯೊಳಗಿನ ನೀರು 115 ಡಿಗ್ರಿಯಲ್ಲಿದ್ದರೂ ಒತ್ತಡದ ಹಿಡಿತದಿಂದಾಗಿ ಕುದಿಯದೆ ಸುಮ್ಮನಿರುತ್ತದೆ. ವಾಲ್ವ್ ತೆರೆದೊಡನೆ ಒತ್ತಡ ಬಿದ್ದುಹೋಗಿ ಆ ನೀರೆಲ್ಲ ಒಮ್ಮೆಲೇ ಕುದಿಯತೊಡಗುತ್ತದೆ. ಅಗಳಿನ ಒಳಗಿನ ತೇವವೂ ಹಬೆಯಾಗಿ ನುಗ್ಗುವುದರಿಂದ ಅಗಳು ಒಡೆಯುತ್ತದೆ, ಪಿಷ್ಟದ ನೊರೆ ಮೇಲೇರಿ ವಾಲ್ವ್‌ನಿಂದ ಗಂಜಿಯಂತೆ ಚಿಮ್ಮಿ ಅಡುಗೆಕಟ್ಟೆಯನ್ನೂ ಗೋಡೆಯನ್ನೂ ಅಂಟು ಮಾಡುತ್ತದೆ. ಹೀಗೆ ತೆಗೆದ ಅನ್ನ ಮೇಲೆ ಒದ್ದೆ, ಒಳಗೆ ಗಟ್ಟಿ, ಅಡಿಯಲ್ಲಿ ಅಂಟು. ಇದನ್ನು ಕಂಡು ‘ಇನ್ನೂ ಎರಡು ನಿಮಿಷ ಬೇಯಿಸಬೇಕಿತ್ತು’ ಎಂದು ಹಲವರು ಅಂದುಕೊಳ್ಳುತ್ತಾರೆ. ಮರುದಿನ ಹಾಗೇ ಮಾಡಿ, ಮತ್ತೆ ಅವಸರದಲ್ಲಿ ಹಬೆ ಬಿಟ್ಟು, ಈ ಸಲ ಮುದ್ದೆಯಾಯಿತೆಂದು ಕುಕ್ಕರನ್ನು ದೂರುತ್ತಾರೆ.

ತಾನಾಗಿ ಇಳಿಯಲು ಬಿಟ್ಟಾಗ ಆಗುವುದೇ ಬೇರೆ. ಹೀಟರ್ ಆರಿದ್ದರೂ ಒಳಗಿನ ಉಷ್ಣತೆ 100 ಡಿಗ್ರಿಗಿಂತ ಮೇಲೇ ಇದ್ದು ನಿಧಾನವಾಗಿ ಇಳಿಯುತ್ತದೆ. ಹೊರಮೈಯ ತೇವ ಒಳಕ್ಕೆ ಸರಿಯುತ್ತದೆ, ಮೇಲಿನ ಅನ್ನಕ್ಕೂ ಅಡಿಯ ಅನ್ನಕ್ಕೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ. ಬಿಳಿ ಅಕ್ಕಿಯ ನಾಲ್ಕೈದು ನಿಮಿಷದ ಬೇಯುವಿಕೆಯನ್ನು ಲೆಕ್ಕ ಹಾಕಿದವರೇ ಈ ಹತ್ತು ನಿಮಿಷವನ್ನು ಒಳಗೊಂಡು ಲೆಕ್ಕ ಹಾಕಿರುತ್ತಾರೆ. ಹತ್ತು ನಿಮಿಷದ ನಂತರವೂ ಒತ್ತಡ ಉಳಿದಿದ್ದರೆ ವಾಲ್ವ್ ತೆರೆಯಬಹುದು, ಆಗ ಬರುವುದು ಬರಿಯ ಹಬೆ. ಮುಚ್ಚಳದ ಪುಟ್ಟ ಲೋಹದ ಪಿನ್ ‘ಟಕ್’ ಎಂದು ಕೆಳಗೆ ಬಿದ್ದ ಮೇಲೆ ಮುಚ್ಚಳ ತಾನೇ ಸಡಿಲವಾಗುತ್ತದೆ. ಅದಕ್ಕೆ ಮೊದಲು ಬಲ ಹಾಕಿ ತಿರುಗಿಸಲೇಬಾರದು. ತೆಗೆಯುವಾಗ ಹಿಂದಿನ ಅಂಚು ಮೊದಲು ಏಳುವಂತೆ, ಬಿಸಿ ಹಬೆ ಮುಖದಿಂದ ಆಚೆಗೆ ಹೋಗುವಂತೆ ಮುಚ್ಚಳವನ್ನು ಓರೆಯಾಗಿ ಎತ್ತಬೇಕು.

ಸರಿಯಾಗಿ ಬೆಂದ ಅನ್ನದ ಮೇಲ್ಮೈ ಸಮತಟ್ಟಾಗಿ, ಅಲ್ಲಲ್ಲಿ ಹಬೆ ಎದ್ದುಬಂದ ಸಣ್ಣ ತೂತುಗಳಿಂದ ಕೂಡಿರುತ್ತದೆ. ಕೂಡಲೇ ಕಲಕದೆ ಎರಡು ಮೂರು ನಿಮಿಷ ಬಿಟ್ಟು, ಅನ್ನದ ಕೈಯನ್ನು ಅಂಚಿನಿಂದ ಇಳಿಸಿ ಅಡಿಯಿಂದ ಮೇಲಕ್ಕೆ ಹಗುರವಾಗಿ ಬಿಡಿಸಬೇಕು.

‘ರೈಸ್’ ಬಟನ್ ಒತ್ತಿದರೆ ಸಾಲದೆ?

ಬಿಳಿ ಅಕ್ಕಿಗೆ ಸಾಕು. ಹಲವು ಕುಕ್ಕರ್‌ಗಳಲ್ಲಿ ಆ ಬಟನ್ ಕಡಿಮೆ ಒತ್ತಡದಲ್ಲಿ ಸುಮಾರು ಹನ್ನೆರಡು ನಿಮಿಷ ಬೇಯಿಸುತ್ತದೆ, ಮತ್ತು ಅನ್ನ ಚೆನ್ನಾಗಿಯೇ ಬರುತ್ತದೆ. ಆದರೆ ಒಳಗಿರುವುದು ಬಿಳಿ ಅಕ್ಕಿಯೋ ಕೆಂಪಕ್ಕಿಯೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ತೌಡು ಸಹಿತ ಅಕ್ಕಿಗೆ ಕೈಯಾರೆ ಒತ್ತಡ, ನಿಮಿಷಗಳನ್ನು ಹೊಂದಿಸುವುದೇ ಸರಿ. ಒಮ್ಮೆ ರೂಢಿಯಾದರೆ ಬಿಳಿ ಅಕ್ಕಿಗೂ ಹಾಗೆ ಮಾಡುವುದನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಹದ ತಪ್ಪಿದಾಗ ಏನನ್ನು ಬದಲಿಸಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ.

ಅನ್ನ ಹದವಾಗಿ ಬರಲಿಲ್ಲ. ಈಗ ಏನು ಮಾಡಬಹುದು?

ಮೊದಲು ಪಾತ್ರೆಯಲ್ಲಿ ನೀರು ಉಳಿದಿದೆಯೇ ಎಂದು ನೋಡಬೇಕು. ಅಗಳು ಗಟ್ಟಿಯಾಗಿದ್ದು ನೀರೂ ಉಳಿದಿದ್ದರೆ ಹೊತ್ತು ಸಾಲದಾಗಿದೆ ಎಂದರ್ಥ. ತಳವನ್ನೊಮ್ಮೆ ಬಿಡಿಸಿ, ಮುಚ್ಚಳ ಹಾಕಿ ಇನ್ನೂ ಎರಡು ನಿಮಿಷ ಒತ್ತಡ ಕೊಡಬಹುದು. ಅಗಳು ಗಟ್ಟಿಯಾಗಿದ್ದು ನೀರು ಪೂರ್ತಿ ಇಂಗಿದ್ದರೆ ನೀರು ಸಾಲದಾಗಿದೆ. ಕುದಿಯುವ ನೀರನ್ನು ಎರಡು ಮೂರು ದೊಡ್ಡ ಚಮಚ ಚಿಮುಕಿಸಿ, ಮುಚ್ಚಳ ಹಾಕಿ, ಕೀಪ್ ವಾರ್ಮ್‌ನಲ್ಲಿ ಹತ್ತು ನಿಮಿಷ ಬಿಟ್ಟರೆ ಹೆಚ್ಚಿನ ಸಲ ಸರಿಹೋಗುತ್ತದೆ. ಬೆಂದಿದೆ, ಆದರೆ ಒದ್ದೆಯಾಗಿದೆ ಎಂದಾದರೆ ಅಗಲವಾದ ತಟ್ಟೆಗೆ ಹರವಿ ಹಬೆ ಆರಲು ಬಿಡಬೇಕು. ಮುದ್ದೆಯಾದ ಅನ್ನವನ್ನು ಮಾತ್ರ ಮತ್ತೆ ಬಿಡಿ ಅಗಳು ಮಾಡುವ ಉಪಾಯವಿಲ್ಲ. ಅದನ್ನು ಇನ್ನಷ್ಟು ನೀರು ಹಾಕಿ ಗಂಜಿ ಮಾಡಿಬಿಡುವುದೇ ಜಾಣತನ.

ತಳ ಹಿಡಿಯುತ್ತದೆ, ಅಥವಾ ‘ಬರ್ನ್’ ಎಂದು ತೋರಿಸಿ ನಿಂತುಬಿಡುತ್ತದೆ. ಏಕೆ?

ಒಳಪಾತ್ರೆಯ ಅಡಿಗೆ ತಾಗಿಕೊಂಡಿರುವ ಸಂವೇದಕಕ್ಕೆ ತಳ ಇರಬೇಕಾದದ್ದಕ್ಕಿಂತ ಹೆಚ್ಚು ಕಾದಿದೆ ಎಂದು ತಿಳಿದಾಗ ಯಂತ್ರ ಹೀಟರ್ ಅನ್ನು ನಿಲ್ಲಿಸುತ್ತದೆ. ಅಂದರೆ ತಳದಲ್ಲಿ ನೀರಿನ ಬದಲು ಬೇರೇನೋ ಕೂತಿದೆ. ತೊಳೆಯದ ಅಕ್ಕಿಯ ಪಿಷ್ಟ, ಒಗ್ಗರಣೆ ಮಾಡಿದಾಗ ಅಂಟಿಕೊಂಡ ಈರುಳ್ಳಿ ಮಸಾಲೆ, ಅಡಿಗಿಳಿದ ಟೊಮೆಟೊ ತಿರುಳು, ಇವೇ ಸಾಮಾನ್ಯ ಕಾರಣಗಳು. ಹುರಿದ ನಂತರ ಸ್ವಲ್ಪ ನೀರು ಹಾಕಿ ಮರದ ಸೌಟಿನಿಂದ ತಳವನ್ನು ಕೆರೆದು ಬಿಡಿಸಿ, ಆಮೇಲೆ ಅಕ್ಕಿ, ಉಳಿದ ನೀರು, ಕೊನೆಯಲ್ಲಿ ಕಲಕದೆ ಮೇಲೆ ಟೊಮೆಟೊ ಹಾಕುವ ಕ್ರಮವನ್ನು ಪಾಲಿಸಿದರೆ ತೊಂದರೆ ಬಹುತೇಕ ತಪ್ಪುತ್ತದೆ.

ಇದೆಲ್ಲ ಸರಿಯಿದ್ದೂ ತಳ ಹಿಡಿಯುತ್ತಿದ್ದರೆ ಗ್ಯಾಸ್ಕೆಟ್ ನೋಡಬೇಕು. ಅದು ಸರಿಯಾಗಿ ಕೂರದಿದ್ದರೆ ಅಥವಾ ವಾಲ್ವ್ ಮುಚ್ಚಿರದಿದ್ದರೆ ಒತ್ತಡ ಏರುವುದೇ ಇಲ್ಲ. ಹಬೆ ಹೋಗುತ್ತಲೇ ಇದ್ದು ಅಳೆದು ಹಾಕಿದ ಅಷ್ಟು ನೀರೂ ಖಾಲಿಯಾಗುತ್ತದೆ. ಒಂದಕ್ಕೆ ಒಂದು ನೀರಿನಲ್ಲಿ ಸೋರಿಕೆಗೆ ಆಸ್ಪದವಿಲ್ಲ.

ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಮಾಡಬಹುದು?

ಅಕ್ಕಿ ಬೆಂದಾಗ ಸುಮಾರು ಮೂರು ಪಟ್ಟಾಗುತ್ತದೆ, ನೊರೆಯೂ ಬರುತ್ತದೆ. ಹಾಗಾಗಿ ಅಕ್ಕಿ ಮತ್ತು ನೀರು ಸೇರಿ ಪಾತ್ರೆಯ ಅರ್ಧ ಮಟ್ಟವನ್ನು ಮೀರಬಾರದು. ಬೇರೆ ಅಡುಗೆಗಳಿಗೆ ಮೂರನೇ ಎರಡರಷ್ಟು ತುಂಬಬಹುದೆಂದು ಕೈಪಿಡಿಗಳು ಹೇಳುವುದುಂಟು. ಆ ಮಿತಿ ಅಕ್ಕಿಗೂ ಬೇಳೆಗೂ ಅನ್ವಯಿಸುವುದಿಲ್ಲ.

ಕೆಳಗಿನ ಮಿತಿಯೇ ಹೆಚ್ಚು ಕಾಡುವುದು. ಆರು ಲೀಟರಿನ ಕುಕ್ಕರ್‌ಗಳು ಒತ್ತಡ ಏರಲು ಸುಮಾರು 375 ಮಿಲಿಲೀಟರ್ ದ್ರವ ಬೇಕೆಂದು ಕೇಳುತ್ತವೆ, ಮೂರು ಲೀಟರಿನವು ಸುಮಾರು 250 ಮಿಲಿಲೀಟರ್. ಒಬ್ಬರಿಗೆ, ಇಬ್ಬರಿಗೆ ಅನ್ನ ಮಾಡುವಾಗ ಅಷ್ಟು ನೀರು ಅಕ್ಕಿಗೇ ಬೇಕಾಗಿರುವುದಿಲ್ಲ. ಇದಕ್ಕೆ ಪಾತ್ರೆಯೊಳಗೆ ಪಾತ್ರೆ ಇಡುವ ಕ್ರಮವೇ ಉತ್ತಮ: ಒಳಪಾತ್ರೆಯ ಅಡಿಗೆ ಬೇಕಾದಷ್ಟು ನೀರು ಹಾಕಿ, ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಅಕ್ಕಿ ನೀರು ಅಳೆದು ಹಾಕಿದ ಸಣ್ಣ ಸ್ಟೀಲ್ ಪಾತ್ರೆಯನ್ನು ಕೂರಿಸುವುದು. ಶಾಖ ಹಬೆಯ ಮೂಲಕವೇ ತಲುಪಬೇಕಾದ್ದರಿಂದ ಎರಡು ಮೂರು ನಿಮಿಷ ಹೆಚ್ಚು ಕೊಡಬೇಕು. ತಳ ಹಿಡಿಯುವ ಪ್ರಶ್ನೆಯೇ ಇಲ್ಲ, ತೊಳೆಯುವುದೂ ಸುಲಭ.

ನಿಜಕ್ಕೂ ಸಮಯ ಉಳಿಯುತ್ತದೆಯೆ? ರೈಸ್ ಕುಕ್ಕರ್‌ಗಿಂತ ಇದು ಹೇಗೆ ಬೇರೆ?

ಬಿಳಿ ಅಕ್ಕಿಯಲ್ಲಿ ಹೇಳಿಕೊಳ್ಳುವಷ್ಟು ಉಳಿಯುವುದಿಲ್ಲ. ಒತ್ತಡ ಏರಲು ಎಂಟು ಹತ್ತು ನಿಮಿಷ, ಬೇಯಲು ಐದು, ಇಳಿಯಲು ಹತ್ತು ಎಂದು ಕೂಡಿಸಿದರೆ ಇಪ್ಪತ್ತೈದು ನಿಮಿಷವಾಯಿತು. ಒಲೆಯ ಮೇಲಿನ ಪಾತ್ರೆಯಲ್ಲೂ ಹೆಚ್ಚು ಕಡಿಮೆ ಇಷ್ಟೇ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ‘ನಾಲ್ಕು ನಿಮಿಷದಲ್ಲಿ ಅನ್ನ’ ಎಂಬ ಮಾತನ್ನು ಈ ಕೂಡಿಕೆಯ ಜೊತೆಗಿಟ್ಟು ಓದಿಕೊಳ್ಳಬೇಕು. ಲಾಭವಿರುವುದು ಹತ್ತಿರ ನಿಲ್ಲಬೇಕಾಗಿಲ್ಲ ಎಂಬುದರಲ್ಲಿ, ಮತ್ತು ಮುಖ್ಯವಾಗಿ ಗಡುಸು ಅಕ್ಕಿಗಳಲ್ಲಿ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಗೂ ಮೀರಿ ಕುದಿಯಬೇಕಾದ ಕೆಂಪಕ್ಕಿ ಇಲ್ಲಿ ಅದಕ್ಕಿಂತ ಬೇಗ, ಉಕ್ಕದೆ, ನಡುವೆ ನೀರು ಸೇರಿಸುವ ಗೋಜಿಲ್ಲದೆ ಬೇಯುತ್ತದೆ.

ಸಾಮಾನ್ಯ ರೈಸ್ ಕುಕ್ಕರ್‌ನ ಬುದ್ಧಿವಂತಿಕೆ ಬೇರೆ ಬಗೆಯದು. 1955ರಲ್ಲಿ ಜಪಾನಿನ ತೋಷಿಬಾ ಸಂಸ್ಥೆ ಸ್ವಯಂಚಾಲಿತ ರೈಸ್ ಕುಕ್ಕರ್ ಮಾರಾಟಕ್ಕೆ ತಂದಂದಿನಿಂದ ಅದರ ಹಿಂದಿನ ತತ್ತ್ವ ಒಂದೇ: ನೀರು ಇರುವವರೆಗೆ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ, ನೀರು ಮುಗಿದೊಡನೆ ದಾಟುತ್ತದೆ, ಆಗ ಸ್ವಿಚ್ ಆರುತ್ತದೆ. ಒಂದಿಷ್ಟು ನೀರು ಹೆಚ್ಚಾದರೆ ಅದು ಇನ್ನಷ್ಟು ಹೊತ್ತು ಕುದಿಸಿ ಆವಿಯಾಗಿಸುತ್ತದೆ. ಒತ್ತಡದ ಕುಕ್ಕರ್ ಹಾಗೆ ಕಾಯುವುದಿಲ್ಲ. ಹೇಳಿದಷ್ಟು ನಿಮಿಷ ಬೇಯಿಸಿ ನಿಲ್ಲುತ್ತದೆ, ಹಾಕಿದ ನೀರೆಲ್ಲ ಅನ್ನದಲ್ಲೇ ಉಳಿಯುತ್ತದೆ. ಅಳತೆಯ ಹೊಣೆ ಪೂರ್ತಿ ನಮ್ಮದು.

ಎತ್ತರದ ಪ್ರದೇಶದಲ್ಲಿ ಹೊತ್ತು ಬದಲಿಸಬೇಕೆ?

ಸ್ವಲ್ಪ ಬದಲಿಸಬೇಕು. ಪ್ರತಿ 300 ಮೀಟರ್ ಏರಿದಂತೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಕುಕ್ಕರ್ ತನ್ನ ಒತ್ತಡವನ್ನು ಹೊರಗಿನ ವಾಯುಭಾರದ ಮೇಲೆ ಕೂಡಿಸುವುದರಿಂದ ಹೊರಗಿನದು ಕಡಿಮೆಯಾದರೆ ಒಟ್ಟೂ ಕಡಿಮೆಯಾಗುತ್ತದೆ; ಸಮುದ್ರಮಟ್ಟದಲ್ಲಿ 115 ಡಿಗ್ರಿ ಮುಟ್ಟುವ ಕುಕ್ಕರ್ 1500 ಮೀಟರ್ ಎತ್ತರದಲ್ಲಿ 112ರ ಆಸುಪಾಸಿನಲ್ಲಿ ನಿಲ್ಲುತ್ತದೆ. 600 ಮೀಟರ್ ನಂತರ ಪ್ರತಿ 300 ಮೀಟರಿಗೆ ಶೇಕಡ 5ರಷ್ಟು ಹೊತ್ತು ಹೆಚ್ಚಿಸಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ. 1500 ಮೀಟರ್ ಎತ್ತರದಲ್ಲೂ ಐದು ನಿಮಿಷದ ಬಿಳಿ ಅನ್ನಕ್ಕೆ ಅದು ಒಂದು ನಿಮಿಷಕ್ಕೂ ಬರುವುದಿಲ್ಲ. ಕಂದು ಅಕ್ಕಿಗೆ ಮೂರು ನಾಲ್ಕು ನಿಮಿಷವಾಗುತ್ತದೆ.

ಉಪ್ಪು, ಎಣ್ಣೆ, ಹಾಲು ಹಾಕಬಹುದೆ?

ಉಪ್ಪು ರುಚಿಗೆ ಮಾತ್ರ. ಬೇಯುವ ಹೊತ್ತಿನ ಮೇಲೆ ಅದರ ಪರಿಣಾಮವಿಲ್ಲ. ಒಂದು ಚಮಚ ಎಣ್ಣೆ ಅಥವಾ ತುಪ್ಪ ನೊರೆಯನ್ನು ತಗ್ಗಿಸುವುದರಿಂದ ಹಾಕುವುದು ಒಳ್ಳೆಯದೇ. ಹಾಲಿನಲ್ಲಿ ಅಕ್ಕಿ ಬೇಯಿಸುವುದಾದರೆ ಮೊದಲು ನೀರಿನಲ್ಲಿ ಬೇಯಿಸಿ, ಮುಚ್ಚಳ ತೆಗೆದ ಮೇಲೆ ಹಾಲು ಸೇರಿಸಿ ಕುದಿಸುವುದೇ ಸರಿಯಾದ ದಾರಿ, ಒತ್ತಡದಲ್ಲಿ ಹಾಲು ಉಕ್ಕಿ ವಾಲ್ವ್ ಕಟ್ಟುತ್ತದೆ, ತಳವೂ ಹತ್ತುತ್ತದೆ.

ಅನ್ನವನ್ನು ಕುಕ್ಕರ್‌ನಲ್ಲೇ ಎಷ್ಟು ಹೊತ್ತು ಬಿಡಬಹುದು?

ಕೀಪ್ ವಾರ್ಮ್ ಚಾಲೂ ಇದ್ದು ಒಳಗಿನ ಉಷ್ಣತೆ 60 ಡಿಗ್ರಿಗಿಂತ ಮೇಲಿದ್ದರೆ ಅನ್ನ ಕೆಡುವುದಿಲ್ಲ, ಆದರೆ ಎರಡು ಮೂರು ಗಂಟೆಗಳ ನಂತರ ಅಡಿಯಲ್ಲಿ ಒಣಗಿ ಬಣ್ಣ ತಿರುಗುತ್ತದೆ. ಅಪಾಯವಿರುವುದು ಸ್ವಿಚ್ ಆರಿಸಿ, ಮುಚ್ಚಳ ಮುಚ್ಚಿ, ಹಾಗೇ ಮರೆತುಬಿಟ್ಟಾಗ. ಅಕ್ಕಿಯಲ್ಲಿ ಸಹಜವಾಗಿಯೇ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಬೇಯಿಸಿದರೂ ಬದುಕುಳಿಯಬಲ್ಲವು. ಅನ್ನ ಬೆಚ್ಚಗಿರುವಾಗ ಅವು ಮೊಳೆತು ಬೆಳೆಯುತ್ತವೆ, ಮತ್ತು ವಾಂತಿ ತರಿಸುವ ವಿಷವನ್ನು ಉತ್ಪಾದಿಸಬಲ್ಲವು. ಆ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ‘ಮತ್ತೆ ಚೆನ್ನಾಗಿ ಬಿಸಿ ಮಾಡಿದರಾಯಿತು’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಅನ್ನ ಹಳಸಿದ ವಾಸನೆ ಬಂದಿಲ್ಲ ಎಂಬುದೂ ಭರವಸೆಯಲ್ಲ.

ಉಳಿಯುತ್ತದೆ ಎಂದು ಗೊತ್ತಾದ ಅನ್ನವನ್ನು ದಪ್ಪ ಪಾತ್ರೆಯಿಂದ ತೆಗೆದು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರವಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ ಮರುದಿನದೊಳಗೆ ಮುಗಿಸಬೇಕು. ಫ್ರಿಜ್‌ನಲ್ಲಿ ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ ತಂಗಳನ್ನ ಗಡುಸಾಗುತ್ತದೆ. ಸ್ವಲ್ಪ ನೀರು ಚಿಮುಕಿಸಿ ಹಬೆಯಾಡುವಷ್ಟು ಬಿಸಿ ಮಾಡಿದರೆ ಮೊದಲಿನಂತೆ ಮೆತ್ತಗಾಗುತ್ತದೆ. ಬಿಸಿ ಮಾಡುವುದು ಒಂದೇ ಸಲ.

ಅಕ್ಕಿಯಲ್ಲಿ ಆರ್ಸೆನಿಕ್ ಇರುತ್ತದೆ ಎನ್ನುತ್ತಾರೆ. ಒತ್ತಡದಲ್ಲಿ ಬೇಯಿಸಿದರೆ ಕಡಿಮೆಯಾಗುತ್ತದೆಯೆ?

ಆಗುವುದಿಲ್ಲ. ಹಾಕಿದ ನೀರೆಲ್ಲ ಅನ್ನಕ್ಕೇ ಇಂಗುವುದರಿಂದ ನೀರಿಗಿಳಿದ ಆರ್ಸೆನಿಕ್ ಕೂಡ ಅನ್ನದಲ್ಲೇ ಉಳಿಯುತ್ತದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಕುದಿಯುವ ನೀರಿಗೆ ಅಕ್ಕಿ ಹಾಕಿ ಐದು ನಿಮಿಷದ ನಂತರ ಆ ನೀರನ್ನು ಬಸಿದು, ಹೊಸ ನೀರಿನಲ್ಲಿ ಸಣ್ಣ ಉರಿಯ ಮೇಲೆ ಇಂಗಿಸಲಾಗುತ್ತದೆ. ಇದರಿಂದ ಕಂದು ಅಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಬಿಳಿ ಅಕ್ಕಿಯಲ್ಲಿ ಮುಕ್ಕಾಲು ಪಾಲಿನಷ್ಟು ಆರ್ಸೆನಿಕ್ ಕಡಿಮೆಯಾಯಿತು. ವಿದ್ಯುತ್ ಕುಕ್ಕರ್‌ನ ಹುರಿಯುವ ಮೋಡ್‌ನಲ್ಲಿ ಮುಚ್ಚಳ ತೆಗೆದು ನೀರು ಕುದಿಸಿ ಮೊದಲ ಹಂತವನ್ನು ಮಾಡಬಹುದು. ಹಾಗೆ ಬಸಿದ ಅಕ್ಕಿ ಅದಾಗಲೇ ಅರೆಬೆಂದಿರುತ್ತದೆ, ಆಮೇಲೆ ಅದನ್ನು ಮುಚ್ಚಳ ಬರಿದೆ ಮುಚ್ಚಿ ಸಣ್ಣ ಶಾಖದಲ್ಲಿ ಇಂಗಿಸುವುದೇ ಸಾಕು, ಒತ್ತಡ ಬೇಕಾಗಿಲ್ಲ.

ರಾತ್ರಿಯೇ ಅಕ್ಕಿ ನೀರು ಹಾಕಿ ಬೆಳಗಿಗೆ ಟೈಮರ್ ಇಡಬಹುದೆ?

ಯಂತ್ರ ಒಪ್ಪುತ್ತದೆ, ಆದರೆ ಸೆಕೆಯ ದಿನಗಳಲ್ಲಿ ನೀರಿನಲ್ಲಿ ಎಂಟು ಗಂಟೆ ಕೂತ ಅಕ್ಕಿ ಹುಳಿಯತೊಡಗುತ್ತದೆ. ಎರಡು ಮೂರು ಗಂಟೆಯ ಮಟ್ಟಿಗೆ ಮಾತ್ರ ಇದನ್ನು ಬಳಸುವುದು ಕ್ಷೇಮ.

ನಡುವೆ ಕರೆಂಟ್ ಹೋದರೆ?

ಒತ್ತಡ ಒಳಗೇ ಇರುವುದರಿಂದ ಮುಚ್ಚಳವನ್ನು ಮುಟ್ಟದೆ ಬಿಡಬೇಕು. ಒತ್ತಡ ಏರಿದ ನಂತರ ಹೋಗಿದ್ದರೆ, ಬಿಳಿ ಅಕ್ಕಿ ಆ ಕಾವಿನಲ್ಲೇ ಎಷ್ಟೋ ಸಲ ಪೂರ್ತಿ ಬೆಂದಿರುತ್ತದೆ. ಹದಿನೈದು ನಿಮಿಷದ ಮೇಲೆ, ಪಿನ್ ಇಳಿದಿರುವುದನ್ನು ಖಚಿತಪಡಿಸಿಕೊಂಡು ತೆಗೆದು ನೋಡಬಹುದು. ಕರೆಂಟ್ ಬಂದ ಮೇಲೆ ತಾನಾಗಿ ಮುಂದುವರಿಯುವ ಕುಕ್ಕರ್‌ಗಳೂ ಇವೆ, ಮೊದಲಿನಿಂದ ಹೊಂದಿಸಬೇಕಾದವೂ ಇವೆ.

ಅನ್ನಕ್ಕೆ ಬೇರೆ ಅಡುಗೆಯ ವಾಸನೆ ಹತ್ತುತ್ತದೆ. ಏನು ಮಾಡಬೇಕು?

ವಾಸನೆ ಹಿಡಿದಿಟ್ಟುಕೊಳ್ಳುವುದು ಮುಚ್ಚಳದ ಸಿಲಿಕೋನ್ ಗ್ಯಾಸ್ಕೆಟ್. ಪ್ರತಿ ಬಳಕೆಯ ನಂತರ ಅದನ್ನು ಕಳಚಿ ತೊಳೆದು ಒಣಗಿಸಬೇಕು, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಡದೆ ತಲೆಕೆಳಗಾಗಿ ಇಡಬೇಕು. ಮಸಾಲೆಯ ಅಡುಗೆಗೂ ಅನ್ನಕ್ಕೂ ಬೇರೆ ಬೇರೆ ಗ್ಯಾಸ್ಕೆಟ್ ಇಟ್ಟುಕೊಳ್ಳುವುದು ಸುಲಭದ ಪರಿಹಾರ. ಹಿಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ ಕೂಡಲೇ, ಇಲ್ಲವಾದರೆ ಒಂದರಿಂದ ಒಂದೂವರೆ ವರ್ಷಕ್ಕೊಮ್ಮೆ ಬದಲಿಸಬೇಕು. ಅದೇ ಹೊತ್ತಿಗೆ ವಾಲ್ವ್‌ನ ಒಳಬದಿಯ ಜಾಲರಿಯನ್ನೂ ಬಿಚ್ಚಿ ನೋಡುವುದು ಒಳ್ಳೆಯದು. ದಿನವೂ ಅನ್ನ ಮಾಡುವ ಕುಕ್ಕರ್‌ನಲ್ಲಿ ಒಣಗಿದ ಗಂಜಿಯ ತೆಳು ಪೊರೆ ಅಲ್ಲಿ ಕಟ್ಟಿಕೊಂಡಿರುತ್ತದೆ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬಿಡುತ್ತದೆ.